ಕೊಕ್ಕರೆ ಮರಿಯ ಕಾಲಿನ ದಾರ

ಪೆಂಚೊನನ್ನು ನಾನು ಇವತ್ತಿಗೂ ಮುಖದ ಮೇಲೇ ಬೈಯ್ತೀನಿ. ಹದಿನೆಂಟು ವರ್ಷದಿಂದ ನನ್ನ ಜೊತೆ, ಆಳನ್ನು ಕಂಬದ ತುದಿಗೆ ಎತ್ತೋ ಬುಟ್ಟಿ ಲಾರಿ ಓಡಿಸುತ್ತಿರೋ ಮನುಷ್ಯ. ಬುಟ್ಟಿ ಮೇಲೇ ಸಿಕ್ಕಿಕೊಂಡರೆ ಕೆಳಗಿನಿಂದ ಕೈಯಲ್ಲಿ ಒತ್ತಿ ಇಳಿಸೋದಕ್ಕೆ ಅಂತ ಒಂದು ಪಂಪು ಇರುತ್ತೆ, ಅದಕ್ಕೊಂದು ಕಬ್ಬಿಣದ ಹಿಡಿಕೆ. ಆ ಹಿಡಿಕೆಯನ್ನು ಈ ಮಹಾರಾಯ ಮನೆಗೆ ಒಯ್ದು ರಾಕಿಯಾ ಸಾರಾಯಿ ಕಾಯಿಸೋ ಹಂಡೆ ಕೆದಕೋದಕ್ಕೆ ಇಟ್ಟುಕೊಂಡಿದ್ದ. ಉದ್ದ ಸರಿಯಾಗಿದೆ, ಲಾರಿಯಲ್ಲಿ ಸುಮ್ಮನೆ ಬಿದ್ದಿರುತ್ತೆ ಅಂತ ಅವನ ವಾದ. ಹದಿನೆಂಟು ವರ್ಷದಲ್ಲಿ ಅದು ಒಂದು ಸಲವೂ ಬೇಕಾಗಿರಲಿಲ್ಲ ಅನ್ನೋದೂ ನಿಜವೇ. ಬೇಕಾದ ದಿನ ಬುಟ್ಟಿಯಲ್ಲಿ ನಾನಿದ್ದೆ, ನನ್ನ ಮಗಳು ರಾಲಿತ್ಸ ಇದ್ದಳು, ಮುಂದೆ ಕೊಕ್ಕರೆ ಗೂಡು ಇತ್ತು.

ನಾನು ಸ್ತಾಮೆನ್, ಕರೆಂಟು ಕಂಪನಿಯ ಲೈನ್‌ಮನ್. ತುಂಜ ನದಿಯ ಬಯಲಿನಲ್ಲಿ ಹನ್ನೊಂದು ಹಳ್ಳಿಯ ಕಂಬಗಳು ನನ್ನವು. ಇವನಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಹನ್ನೊಂದೂ ಹಳ್ಳಿಯಲ್ಲಿ ಹೇಳ್ತಾರೆ. ಇದೆ, ಏನೀಗ? ಆದರೆ ಆ ಕೋಪ ಮಗಳ ಮುಂದೆ ಮಾತ್ರ ಬಾಲ ಮುದುರಿಕೊಂಡು ಕೂರುತ್ತೆ. ಅವಳ ಹತ್ತಿರ ಗಟ್ಟಿಯಾಗಿ ಮಾತಾಡೋದಕ್ಕೆ ನನಗೆ ಭಯ. ಆ ಭಯ ಎಲ್ಲಿಂದ ಬಂತು ಅಂತ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥ ಆಗಲ್ಲ.

ರಾಲಿತ್ಸ ಎಂಟನೇ ತರಗತಿಯಲ್ಲಿ ಫೇಲಾದಳು. ಜೊತೆಯವರೆಲ್ಲ ಮುಂದಕ್ಕೆ ಹೋದರು, ಇವಳು ತನಗಿಂತ ಒಂದು ಗೇಣು ಚಿಕ್ಕ ಮಕ್ಕಳ ಪಕ್ಕ ಕೂತಳು. ಯಾರೋ ಏನೋ ಅಂದಿರಬೇಕು. ಏನು ಅಂತ ಇವತ್ತಿಗೂ ಹೇಳಿಲ್ಲ. ಮಾತು ಬಿಟ್ಟಳು. ಶಾಲೆಯಿಂದ ಬಂದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳೋಳು. ನನ್ನ ಹೆಂಡತಿ ವೆಸ್ಕಾ ಊಟದ ತಟ್ಟೆಯನ್ನು ಬಾಗಿಲ ಹೊರಗೆ ಸ್ಟೂಲಿನ ಮೇಲೆ ಇಟ್ಟು ಬರೋಳು. ನಾವು ಅತ್ತ ಸರಿದ ಮೇಲೆ ಬಾಗಿಲು ತೆಗೆಯೋದು, ತಟ್ಟೆ ಒಳಗೆ ಹೋಗೋದು. ಎಂಟು ತಿಂಗಳು ಹೀಗೇ ನಡೆಯಿತು. ಕೂಗಾಡಿ ನೋಡಿದೆ, ಬಾಗಿಲು ಗುದ್ದಿ ನೋಡಿದೆ, ಒಂದು ದಿನ ಬಾಗಿಲ ಹೊರಗೆ ಕೂತು ಅತ್ತೂ ನೋಡಿದೆ.

ಆಮೇಲೆ ಕಾಲಿನೋವಾ ಟೀಚರ್ ಬಂದರು. ಪಟ್ಟಣದಿಂದ ಗುರುವಾರಕ್ಕೊಮ್ಮೆ ಹಳೇ ಕಾರಿನಲ್ಲಿ ಒಂದು ಪೆಟ್ಟಿಗೆ ಹೊತ್ತುಕೊಂಡು ಬರೋರು. ಪೆಟ್ಟಿಗೆ ತುಂಬ ಗರಿ, ಮೂಳೆ, ಹಾವಿನ ಪೊರೆ, ಗೂಬೆ ಜೀರ್ಣಿಸಲಾಗದೆ ಕಾರಿಹಾಕಿದ ಮೂಳೆ-ಕೂದಲಿನ ಉಂಡೆ. ಪರಿಸರ ಪಾಠ ಅಂತೆ. ನಮ್ಮ ನೈದೆನ್, ಶಾಲೆ ಎದುರಿಗೆ ಕಾಫಿ ಅಂಗಡಿ ಇಟ್ಟಿರೋನು, ಕಸದ ಟೀಚರ್ ಬಂದ್ಲು ಅಂತ ನಗುತ್ತಿದ್ದ. ನಾನೂ ನಕ್ಕಿದ್ದೆ, ಸುಳ್ಳು ಯಾಕೆ ಹೇಳಲಿ. ಆ ಟೀಚರ್ ಒಂದು ಗುರುವಾರ ಕಡೇ ಬೆಂಚಿನಲ್ಲಿದ್ದ ನನ್ನ ಮಗಳ ಕೈಗೆ ಒಂದು ಉಂಡೆ ಕೊಟ್ಟು, ಇದರೊಳಗೆ ಎಷ್ಟು ಇಲಿ ಇವೆ ಹುಡುಕಮ್ಮ, ನನಗೆ ಕಣ್ಣು ಕಾಣಿಸಲ್ಲ ಅಂದರಂತೆ. ಆವತ್ತು ಮಧ್ಯಾಹ್ನ ಮಗಳು ಮೇಜಿಗೆ ಬಂದು ಕೂತಳು. ಬ್ರೆಡ್ಡು ಮುರೀತಾ, "ಅಪ್ಪಾ, ಒಂದೇ ಉಂಡೆಯಲ್ಲಿ ಏಳು ಇಲಿ ತಲೆಬುರುಡೆ ಇತ್ತು" ಅಂದಳು. ವೆಸ್ಕಾ ಸೂಪಿನ ಪಾತ್ರೆ ಹಿಡಿದುಕೊಂಡು ಅಡುಗೆಮನೆಗೆ ಓಡಿದಳು, ಹತ್ತು ನಿಮಿಷ ಬರಲಿಲ್ಲ.

ಅಲ್ಲಿಂದ ಮುಂದೆ ಹುಡುಗಿ ಕೈಗೇ ಸಿಗಲಿಲ್ಲ. ಸೈಕಲ್ ಹತ್ತಿ ಹನ್ನೊಂದು ಹಳ್ಳಿಯ ಕೊಕ್ಕರೆ ಗೂಡುಗಳನ್ನು ಎಣಿಸಿದಳು. ಯಾವ ಕಂಬದ ತಂತಿ ಹಕ್ಕಿಗೆ ಅಪಾಯ ಅಂತ ಪಟ್ಟಿ ಮಾಡಿ ನನ್ನ ಮುಂದಿಟ್ಟಳು. ನನ್ನ ಕಂಬ, ನನ್ನ ತಂತಿ, ನನಗೇ ಗೊತ್ತಿರದ ತಪ್ಪು! ಶನಿವಾರ ಶನಿವಾರ ಆರು ಶಾಲೆಗಳಿಗೆ ಹೋಗಿ ಚಿಕ್ಕ ಮಕ್ಕಳಿಗೆ ಪಾಠ ಹೇಳೋಳು. ಯಾರೂ ಕರೆದವರಲ್ಲ, ಯಾರೂ ಕಾಸು ಕೊಟ್ಟವರಲ್ಲ, ತಾನಾಗೇ ಹೋದಳು. ಒಂದು ಸಲ ಕಿಟಕಿಯ ಹೊರಗೆ ನಿಂತು ಕೇಳಿದೆ. ನಲವತ್ತು ಮಕ್ಕಳು ಬಾಯಿ ತೆರೆದು ಕೂತಿದ್ದವು, ನನ್ನ ಮಗಳು ಕೈ ಬೀಸಿ ಬೀಸಿ ಮಾತಾಡ್ತಿದ್ದಳು. ಅವತ್ತು ನನಗೆ ಆದ ಸಂತೋಷ ಅವಳು ಹುಟ್ಟಿದ ದಿನವೂ ಆಗಿರಲಿಲ್ಲ.

ಮಾರ್ಚ್ ಒಂದಕ್ಕೆ ನಾವೆಲ್ಲ ಕೈಗೆ ಕೆಂಪು-ಬಿಳಿ ದಾರ ಕಟ್ಟಿಕೊಳ್ತೀವಿ, ಮಾರ್ತೆನಿತ್ಸ. ಚಳಿಗಾಲ ಕಳೆದು ಮರಳಿದ ಮೊದಲ ಕೊಕ್ಕರೆ ಕಂಡ ದಿನ ಅದನ್ನು ಬಿಚ್ಚಿ ಹೂ ಬಿಟ್ಟ ಮರಕ್ಕೆ ಕಟ್ತೀವಿ. ಅಲ್ಲೊಂದು ಇಲ್ಲೊಂದು ಕಟ್ಟೋ ದಾರ. ರಾಲಿತ್ಸಳಿಗೆ ಒಂದು ಯೋಚನೆ ಬಂತು. ಶಾಲೆಯ ಕಾಂಪೌಂಡಿನಲ್ಲಿ ಕಾಡು ಪ್ಲಮ್ ಮರ ಇದೆ, ಅದರ ಪಕ್ಕದ ಕಂಬದ ಮೇಲೇ ಗೂಡು. ಆರೂ ಶಾಲೆಯ ಮಕ್ಕಳು ತಮ್ಮ ದಾರವನ್ನು ಇದೇ ಮರಕ್ಕೆ ತಂದು ಕಟ್ಟಬೇಕು, ಕೊಕ್ಕರೆಗೆ ನಮ್ಮೂರು ತನ್ನದು ಅಂತ ಗೊತ್ತಾಗಬೇಕು ಅಂದಳು. ಹೋದ ವರ್ಷ ಶುರುವಾಯಿತು. ಮರ ಪೂರ್ತಿ ಕೆಂಪು-ಬಿಳಿ. ಪೇಪರಿನವರು ಬಂದು ಫೋಟೋ ಹೊಡೆದರು, ಟೀಚರ್ ಅವಳಿಗೆ ಪ್ರಶಸ್ತಿ ಪತ್ರ ಕೊಡಿಸಿದರು. ವೆಸ್ಕಾ ಅದಕ್ಕೆ ಚೌಕಟ್ಟು ಹಾಕಿಸಿದಳು.

ಮರಕ್ಕೂ ಗೂಡಿಗೂ ಆರು ಮೀಟರ್. ಗೂಡು ಕಟ್ಟೋ ಹಕ್ಕಿಗೆ ಮೆತ್ತನೆಯ ದಾರ ಕಂಡರೆ ಬಿಡುತ್ತಾ? ನಮ್ಮಜ್ಜಿಯ ಕಾಲದಲ್ಲಿ ಅದು ಮನೆಯಲ್ಲೇ ಹೊಸೆದ ಉಣ್ಣೆ, ಎರಡು ಮಳೆಗೆ ಮೆತ್ತಗಾಗಿ ಕಿತ್ತುಬರುತ್ತಿತ್ತು. ಈಗ ಅಂಗಡಿಯಲ್ಲಿ ಸಿಗೋದು ನೈಲಾನ್ ಜಾತಿ, ಎಳೆದರೆ ಕೈ ಕುಯ್ಯುತ್ತೆ. ಇದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಸಾವಿರ ಗರಿ ನೋಡಿದ ಟೀಚರ್‌ಗೂ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಶುಭ ಅಂತ ಕಟ್ಟಿಕೊಂಡು ಬಂದದ್ದರಲ್ಲಿ ಕೆಟ್ಟದ್ದನ್ನು ಯಾರು ಹುಡುಕ್ತಾರೆ?

ಹೋದ ವರ್ಷ ಜೂನ್‌ನಲ್ಲಿ ಹಕ್ಕಿಗೆ ಶಾಕ್ ಹೊಡೆಯದ ಹಾಗೆ ತಂತಿಗೆ ರಬ್ಬರ್ ಕವಚ ಹಾಕೋದಕ್ಕೆ ನಾನು ಆ ಕಂಬಕ್ಕೆ ಹತ್ತಿದೆ. ಗೂಡಿನಲ್ಲಿ ಎರಡು ಮರಿ ನಿಂತಿದ್ದವು, ಮೂರನೆಯದು ಸತ್ತು ಬಿದ್ದಿತ್ತು. ಕಾಲಿಗೆ ಕೆಂಪು-ಬಿಳಿ ದಾರ ನಾಲ್ಕು ಸುತ್ತು ಬಿಗಿದು ಮಾಂಸದೊಳಗೆ ಇಳಿದಿತ್ತು. ಪೆಂಚೊ ಲಾರಿಯೊಳಗೆ ಕೂತು ಏನೋ ತಿನ್ನುತ್ತಿದ್ದ, ಅವನಿಗೂ ಹೇಳಲಿಲ್ಲ. ಮರಿಯನ್ನು ಚೀಲದಲ್ಲಿ ಹಾಕಿಕೊಂಡು ಇಳಿದೆ, ಟ್ರಾನ್ಸ್‌ಫಾರ್ಮರ್ ಹಿಂದೆ ಹೂತೆ. ಮನೆಗೆ ಬಂದಾಗ ರಾಲಿತ್ಸ ಓಡಿಬಂದು, ಮೂರು ಮರಿಯಲ್ಲಿ ಎರಡೇ ಕಾಣ್ತಿವೆ, ಮೇಲೆ ಹೋಗಿದ್ದೆಯಲ್ಲ, ಏನಾಯ್ತು ಅಂತ ಕೇಳಿದಳು. ಅವಳ ಮುಖ ನೋಡಿದೆ. ಆ ಸ್ಟೂಲು, ಆ ತಟ್ಟೆ ಕಣ್ಣ ಮುಂದೆ ಬಂತು. ತಾಯಿ ಕೊಕ್ಕರೆನೇ ಎಸೆದುಬಿಟ್ಟಿದೆ ಕಣಮ್ಮ, ಬಲಹೀನ ಮರಿ ಇದ್ದರೆ ಎಸೀತವಲ್ಲ, ನೀನೇ ಹೇಳಿದ್ದೆ ಅಂದೆ. ಅವಳು ಹೌದು ಅಂತ ಒಪ್ಪಿಕೊಂಡಳು.

ಒಪ್ಪಿಕೊಂಡು ಸುಮ್ಮನಿದ್ದರೆ ಆಗಿತ್ತು. ಅದನ್ನು ಪಾಠ ಮಾಡಿದಳು. ಆರು ಶಾಲೆಯಲ್ಲಿ ಹೇಳಿಕೊಂಡು ಬಂದಳು. ಈ ವರ್ಷ ಮಾರ್ಚ್‌ನಲ್ಲಿ ಮಕ್ಕಳು ಮತ್ತೆ ದಾರ ತಂದಾಗ ನಾನು ಕಟರ್ ಜೇಬಿನಲ್ಲಿಟ್ಟುಕೊಂಡು ಮರದ ಹತ್ತಿರ ಹೋದೆ. ಇಬ್ಬರು ತಾಯಂದಿರು ಮಕ್ಕಳನ್ನು ಎತ್ತಿ ಹಿಡಿದು ದಾರ ಕಟ್ಟಿಸುತ್ತಿದ್ದರು, ಮಾಮ ನೀವೂ ಒಂದು ಕಟ್ಟಿ ಅಂದರು. ನಾನೂ ಒಂದು ಕಟ್ಟಿ ಬಂದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಜೂನ್ ಮೊದಲ ವಾರ ರಾಲಿತ್ಸ ದುರ್ಬೀನಿನಲ್ಲಿ ನೋಡಿ, ಎರಡು ಮರಿ ಎದ್ದು ನಿಲ್ತಿವೆ, ಮೂರನೆಯದು ಏಳ್ತಾನೇ ಇಲ್ಲ ಅಂದಳು. ಟೀಚರ್ ಅಲ್ಲಿ ಇಲ್ಲಿ ಫೋನ್ ಮಾಡಿ ಅನುಮತಿ ತಂದರು. ನಮ್ಮ ಕಂಪನಿ ಹತ್ತರಿಂದ ಹನ್ನೊಂದರವರೆಗೆ ಅರ್ಧ ಊರಿನ ಕರೆಂಟು ತೆಗೆದು ಲಾರಿ ಕೊಟ್ಟಿತು. ಇದೂ ಒಂದು ಪಾಠ ಆಗಲಿ ಅಂತ ಟೀಚರ್ ಹದಿನಾಲ್ಕು ಪುಟ್ಟ ಮಕ್ಕಳನ್ನು ಕರೆತಂದು ಅದೇ ಪ್ಲಮ್ ಮರದ ನೆರಳಲ್ಲಿ ಕೂರಿಸಿದರು. ನಾನು ಒಬ್ಬನೇ ಹತ್ತಿ ದಾರ ಕತ್ತರಿಸಿ ಜೇಬಿಗೆ ಹಾಕಿಕೊಂಡು ಇಳಿಯೋಣ ಅಂತಿದ್ದೆ. ರಾಲಿತ್ಸ ನನಗಿಂತ ಮೊದಲೇ ಬುಟ್ಟಿಯೊಳಗೆ ನಿಂತಿದ್ದಳು. ಹೊರಗಿನವರನ್ನು ಹತ್ತಿಸಬಾರದು ಅಂತ ನಿಯಮ ಇದೆ, ಇಳಿ ಅಂದೆ. ಮರಿ ಹಿಡಿಯೋದು ನಿನಗೆ ಬರುತ್ತಾ ಅಂತ ಕೇಳಿದಳು. ಬರಲ್ಲ.

ಒಂಬತ್ತು ಮೀಟರ್ ಹತ್ತಿದೆವು. ದೊಡ್ಡ ಕೊಕ್ಕರೆಗಳೆರಡೂ ಎದ್ದು ಹೋಗಿ ಶಾಲೆಯ ಮಾಡಿನ ಮೇಲೆ ಕೂತು ಕೊಕ್ಕು ಬಡಿದವು. ಮರಿಗಳು ಮೂರೂ ಸತ್ತ ಹಾಗೆ ಚಪ್ಪಟೆ ಮಲಗಿದವು. ಹೆದರಿದರೆ ಹೀಗೇ ನಾಟಕ ಮಾಡ್ತವೆ ಅಂತ ಮಗಳು ಪಿಸುಗುಟ್ಟಿದಳು. ಅವುಗಳಲ್ಲಿ ಒಂದು ನಾಟಕದ ಮಧ್ಯೆಯೇ ಅರ್ಧ ಜೀರ್ಣವಾದ ಕಪ್ಪೆಯನ್ನು ನನ್ನ ಅಂಗಿಯ ಮೇಲೆ ಕಾರಿತು. ಅಷ್ಟರಲ್ಲಿ ಬುಟ್ಟಿಯ ಕೆಳಗೆ ಟಪ್ ಅಂತ ಶಬ್ದ. ಎಣ್ಣೆಯ ಕೊಳವೆ ಒಡೆದು ಪೆಂಚೊನ ಟೋಪಿ ಮೇಲೆ ಸುರಿಯಿತು. ಬುಟ್ಟಿ ಎತ್ತೋ ಲಾರಿಯ ತೋಳು ಇದ್ದಲ್ಲೇ ಬಿಗಿದುಕೊಂಡಿತು. ಬೀಳೋ ಭಯ ಇಲ್ಲ, ಆದರೆ ಇಳಿಯೋದಕ್ಕೂ ಇಲ್ಲ.

ಹಿಡಿಕೆ ತಗೊಂಡು ಪಂಪು ಒತ್ತಯ್ಯ ಅಂತ ಕೂಗಿದೆ. ಪೆಂಚೊ ಟೋಪಿ ತೆಗೆದು ತಲೆ ಕೆರೆದುಕೊಂಡ. ಅವನು ತಲೆ ಕೆರೆದುಕೊಂಡಾಗಲೇ ನನಗೆ ಗೊತ್ತಾಯಿತು. ಹಿಡಿಕೆ ಅವನ ಮನೆಯಲ್ಲಿ, ಮನೆ ಹನ್ನೆರಡು ಕಿಲೋಮೀಟರ್ ಆಚೆ. ತೋಳು ಎತ್ತಿದ ಲಾರಿ ಅಲ್ಲಾಡಿಸೋ ಹಾಗಿಲ್ಲ. ಟೀಚರ್ ಕಾರಿನಲ್ಲಿ ಹೋಗು ಅಂದರೆ, ಟೀಚರ್ ಆ ಕಾರು ತನಗೆ ಬಿಟ್ಟು ಯಾರಿಗೂ ಸ್ಟಾರ್ಟ್ ಆಗಲ್ಲ, ಮಕ್ಕಳನ್ನು ಬಿಟ್ಟು ತಾನು ಹೋಗೋ ಹಾಗಿಲ್ಲ ಅಂದರು. ಕಂಪನಿಗೆ ಫೋನ್ ಮಾಡಿದರೆ ಬುಟ್ಟಿಯಲ್ಲಿ ಮಗಳು ಯಾಕಿದ್ದಾಳೆ ಅಂತ ಕೇಳ್ತಾರೆ. ಅಗ್ನಿಶಾಮಕದವರು ಪಟ್ಟಣದಲ್ಲಿ ಯಾವುದೋ ಗೋದಾಮಿನ ಬೆಂಕಿಯಲ್ಲಿದ್ದರು. ಕೊನೆಗೆ ಪೆಂಚೊ ನೈದೆನ್‌ನ ಹಳೇ ಮೊಪೆಡ್ ಇಸಿದುಕೊಂಡು ಹೊರಟ. ಅವನ ಬಾಯಿಂದ ಕ್ಷಮಿಸು ಅನ್ನೋ ಒಂದು ಮಾತು ಬರಲಿಲ್ಲ.

ನಾವು ನಿಂತಿದ್ದ ಜಾಗ ಒಂದು ಪೀಪಾಯಿಯಷ್ಟು. ಇಬ್ಬರು ನಿಂತರೆ ಮೊಣಕೈ ಮಡಿಸೋ ಹಾಗಿಲ್ಲ. ರಾಲಿತ್ಸ ಎರಡೂ ಕೈಯಲ್ಲಿ ಮೂರನೇ ಮರಿಯನ್ನು ಎತ್ತಿ ಗೂಡಿನ ಅಂಚಿಗೆ ತಂದಳು. ಎಡಗಾಲು ಮೊಣಕಾಲಿನ ಕೆಳಗೆ ಊದಿ, ಪಾದದ ಕಡೆ ಕಪ್ಪಾಗಿತ್ತು. ನಡುವೆ ಒಂದು ಕಾಲುವೆ ತೋಡಿದ ಹಾಗೆ ದಾರ ಹೂತಿತ್ತು. ಹೊಲಸಿನಲ್ಲಿ ಬಣ್ಣ ಹೋಗಿತ್ತು, ಆದರೂ ಕೆಂಪು-ಬಿಳಿ ಅಂತ ಗೊತ್ತಾಗದೇ ಇರುವಂಥದ್ದಲ್ಲ. ಕತ್ತರಿ ಕೊಡು ಅಂದಳು. ಕೊಟ್ಟೆ. ಒಂದೊಂದೇ ಸುತ್ತು ಬಿಡಿಸಿ ಕತ್ತರಿಸಿದಳು, ನಾನು ಮರಿಯ ಕೊಕ್ಕು ಹಿಡಿದುಕೊಂಡಿದ್ದೆ. ಫೋಟೋ ತೆಗೆದು ಹಕ್ಕಿ ಆಸ್ಪತ್ರೆಯ ಡಾಕ್ಟರಿಗೆ ಕಳಿಸಿದಳು. ಡಾಕ್ಟರು ಫೋನ್ ಮಾಡಿ, ಕಾಲು ಉಳಿಯಲ್ಲ, ಜೀವ ಉಳೀಬಹುದು, ಆದರೆ ಒಂಟಿಕಾಲಿನ ಕೊಕ್ಕರೆ ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋಗಲ್ಲ, ಸಾಯೋವರೆಗೂ ಪಂಜರದಲ್ಲೇ ಇರಬೇಕಾಗುತ್ತೆ ಅಂದರು. ರಾಲಿತ್ಸ ಸರಿ ಡಾಕ್ಟರ್ ಅಂತ ಫೋನ್ ಇಟ್ಟಳು.

ಹನ್ನೊಂದಾಯಿತು, ಹನ್ನೊಂದೂವರೆ ಆಯಿತು. ನಾನು ಇಳಿದು ಸ್ವಿಚ್ ಹಾಕೋ ತನಕ ಊರಿಗೆ ಕರೆಂಟು ಬರಲ್ಲ. ಬಿಸಿಲು ನೆತ್ತಿಗೆ ಬಂತು. ಸಾಮಾನ್ಯವಾಗಿ ತಾಯಿ ರೆಕ್ಕೆ ಹರಡಿ ನೆರಳು ಮಾಡುತ್ತೆ, ಗಂಟಲಲ್ಲಿ ನೀರು ತಂದು ಸುರಿಯುತ್ತೆ. ನಾವು ಇರೋ ತನಕ ಅವು ಬರಲ್ಲ. ನಾವು ಹೋಗೋ ಹಾಗಿಲ್ಲ. ಮರಿಗಳು ಬಾಯಿ ಬಿಟ್ಟು ಏದುಸಿರು ಬಿಡೋದಕ್ಕೆ ಶುರು ಮಾಡಿದವು. ನನ್ನ ಕಿತ್ತಳೆ ಕೋಟು ಬಿಚ್ಚಿ ಗೂಡಿನ ಮೇಲೆ ಹರಡಿ ಹಿಡಿದೆ. ರಾಲಿತ್ಸ ಬಾಟಲಿಯ ನೀರನ್ನು ಬೆರಳಿನಿಂದ ಕೊಕ್ಕಿನ ಅಂಚಿಗೆ ತೊಟ್ಟು ತೊಟ್ಟಾಗಿ ಇಳಿಸಿದಳು. ನನ್ನ ಕೈ ಸೋತಾಗ ಅವಳು ಕೋಟು ಹಿಡಿದಳು, ನಾನು ನೀರು ಬಿಟ್ಟೆ. ಕೆಳಗೆ ನೈದೆನ್ ಕರೆಂಟಿಲ್ಲದ ಅಂಗಡಿಯಿಂದ ಹೊರಗೆ ಬಂದು, "ಏನ್ ಸ್ತಾಮೆನ್, ಮೊಟ್ಟೆ ಇಟ್ಟೇ ಇಳಿಯೋದಾ?" ಅಂತ ಕೂಗಿದ. ಮಕ್ಕಳೆಲ್ಲ ನಕ್ಕವು. ಬೇರೆ ದಿನವಾಗಿದ್ದರೆ ಅವನ ಏಳು ತಲೆಮಾರನ್ನೂ ಎಳೆದು ತರುತ್ತಿದ್ದೆ, ಆವತ್ತು ಬಾಯಿ ಒಣಗಿ ಹೋಗಿತ್ತು.

ಮಗಳು ಗೂಡನ್ನೇ ನೋಡುತ್ತಿದ್ದಳು. ಕಡ್ಡಿ, ಹುಲ್ಲು, ಹುಲ್ಲಿನ ಮೂಟೆ ಕಟ್ಟೋ ಪ್ಲಾಸ್ಟಿಕ್ ಹುರಿ, ಅದರ ಮಧ್ಯೆ ಅಲ್ಲಲ್ಲಿ ದಾರ. ಮೇಲಿನ ಪದರದಲ್ಲಿ ಹೊಸವು. ಬೆರಳು ತೂರಿಸಿ ಕೆಳಗಿನ ಪದರದಿಂದ ಒಂದನ್ನು ಎಳೆದಳು. ಬಣ್ಣ ಹೋಗಿ ಬೂದು ಬಣ್ಣಕ್ಕೆ ತಿರುಗಿದ ದಾರ, ಆದರೆ ಒಂದೆಳೆಯೂ ಕೊಳೆತಿರಲಿಲ್ಲ.

"ಇದು ಹೋದ ವರ್ಷದ್ದು" ಅಂದಳು.

ನಾನು ಕೋಟು ಸರಿ ಮಾಡೋ ಹಾಗೆ ಆ ಕಡೆ ನೋಡಿದೆ.

"ಅಪ್ಪಾ, ಹೋದ ವರ್ಷದ ಮೂರನೇ ಮರಿ. ತಾಯಿ ಎಸೆದಿದ್ದು ನೀನು ನೋಡಿದ್ಯಾ?"

ಮನೆಯಲ್ಲಾಗಿದ್ದರೆ ಹೊಲದ ಕಡೆ ಹೋಗಿಬಿಡುತ್ತಿದ್ದೆ. ಸಿಗರೇಟು ಹಚ್ಚುತ್ತಿದ್ದೆ, ವೆಸ್ಕಾಳನ್ನು ಕರೆಯುತ್ತಿದ್ದೆ, ಏನೋ ಒಂದು ನೆವ ಸಿಗುತ್ತಿತ್ತು. ಅಲ್ಲಿ ಎಲ್ಲಿಗೆ ಹೋಗಲಿ? ಅವಳ ಭುಜ ನನ್ನ ಎದೆಗೆ ತಾಗಿತ್ತು. ಕೆಳಗೆ ಟೀಚರ್ ಮಕ್ಕಳಿಗೆ ಯಾವುದೋ ಹಾಡು ಹೇಳಿಕೊಡುತ್ತಿದ್ದರು, ಅದನ್ನು ಸ್ವಲ್ಪ ಹೊತ್ತು ಕೇಳಿದೆ.

"ಇಲ್ಲ" ಅಂದೆ. "ಗೂಡಲ್ಲೇ ಸತ್ತಿತ್ತು. ಕಾಲಿಗೆ ದಾರ ಇತ್ತು. ನಾನೇ ಹೂತೆ."

ಅವಳು ನನಗೆ ಬೆನ್ನು ಮಾಡಿ ತಿರುಗೋದಕ್ಕೆ ನೋಡಿದಳು, ಜಾಗ ಇರಲಿಲ್ಲ. ಅರ್ಧ ತಿರುಗಿ ನಿಂತಳು. ಕೋಟನ್ನು ಹಿಡಿದ ಕೈ ಮಾತ್ರ ಇಳಿಸಲಿಲ್ಲ.

"ಆರು ಶಾಲೆಯಲ್ಲಿ ಹೇಳಿದೀನಿ ನಾನು. ಒಬ್ಬ ಹುಡುಗಿ ಕೇಳಿದ್ಲು, ಹಾಗಾದ್ರೆ ಕೊಕ್ಕರೆ ಕೆಟ್ಟ ಅಮ್ಮನಾ ಅಂತ. ಕೆಟ್ಟದ್ದಲ್ಲ, ಪ್ರಕೃತಿ ಇರೋದೇ ಹಾಗೆ ಅಂದೆ."

"ನೀನು ಮತ್ತೆ ಮಾತು ಬಿಟ್ಟುಬಿಡ್ತೀಯಾ ಅಂತ ಹೆದರಿದೆ ಕಣೇ."

"ಹೇಳಿದ್ದಿದ್ರೆ ಈ ವರ್ಷ ಕಟ್ಟಿಸ್ತಿರ್ಲಿಲ್ಲ" ಅಂದಳು. "ಇದರ ಕಾಲು ಇರ್ತಿತ್ತು."

ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ, ನನ್ನ ಮಗಳಲ್ಲವಾ, ಕೂಗಾಡೋದು ಬರುತ್ತೆ. ಅವಳು ಅಷ್ಟು ಹೇಳಿ ಬಾಯಿ ಮುಚ್ಚಿದಳು. ಆ ಮೌನ ನನಗೆ ಗೊತ್ತಿತ್ತು. ಎಂಟು ತಿಂಗಳು ಅದರ ಜೊತೆ ಒಂದೇ ಮನೆಯಲ್ಲಿ ಇದ್ದವನು ನಾನು. ಯಾವುದರಿಂದ ಅವಳನ್ನು ಕಾಪಾಡ್ತೀನಿ ಅಂತ ಸುಳ್ಳು ಹೇಳಿದ್ದೆನೋ ಅದರೊಳಕ್ಕೇ ತಂದು ನಿಲ್ಲಿಸಿದ್ದೆ, ಅದೂ ಇಳಿಯೋ ದಾರಿ ಇಲ್ಲದ ಕಡೆ. ನೀರಿನ ಬಾಟಲಿ ಅವಳ ಕೈಯಿಂದ ನನ್ನ ಕೈಗೆ ಬರುತ್ತಿತ್ತು, ಕೋಟು ನನ್ನ ಕೈಯಿಂದ ಅವಳ ಕೈಗೆ ಹೋಗುತ್ತಿತ್ತು. ಒಂದು ಮಾತಿಲ್ಲ, ಒಂದು ನೋಟವಿಲ್ಲ. ಒಂದೂವರೆ ಗಂಟೆ ಹೀಗೇ ಕಳೆಯಿತು.

ಪೆಂಚೊ ಬಂದಾಗ ಒಂದು ದಾಟಿತ್ತು, ಮೊಪೆಡ್ ದಾರಿಯಲ್ಲಿ ಎರಡು ಸಲ ಕೆಟ್ಟು ನಿಂತಿತಂತೆ. ಹಿಡಿಕೆ ಹೆಗಲ ಮೇಲೆ ಕೋವಿಯ ಹಾಗೆ ಹೊತ್ತುಕೊಂಡು ಬಂದ, ಪುಣ್ಯಾತ್ಮ. ಪಂಪು ಒತ್ತಿದ ಹಾಗೆ ಬುಟ್ಟಿ ಒಂದೊಂದೇ ಗೇಣು ಇಳಿಯಿತು. ಗೂಡಿನಿಂದ ನಾವು ಎರಡು ಮೀಟರ್ ಕೆಳಗೆ ಬರೋದೇ ತಡ, ದೊಡ್ಡ ಕೊಕ್ಕರೆ ಮಾಡಿನಿಂದ ಹಾರಿ ಬಂದು ಉಳಿದ ಎರಡು ಮರಿಯ ಬಾಯಿಗೆ ನೀರು ಸುರಿಯಿತು. ಮೂರನೆಯದು ರಾಲಿತ್ಸಳ ಕೈಗಳಲ್ಲಿ ನನ್ನ ಕೋಟಿನೊಳಗೆ ಇತ್ತು. ಇಳಿಯೋದಕ್ಕೆ ಇನ್ನೂ ಹೊತ್ತಿತ್ತು. ನನ್ನ ಹಾಳು ಬುದ್ಧಿ ಆಗಲೂ ಕೆಲಸ ಮಾಡಿತು. ಮಕ್ಕಳಿಗೆ ಹುಲ್ಲು ಕಟ್ಟೋ ಹುರಿ ಸುತ್ತಿಕೊಂಡಿತ್ತು ಅಂತ ಹೇಳೋಣ ಅಂದೆ. ಗೂಡಿನಲ್ಲಿ ಅದೂ ಇದೆಯಲ್ಲ, ಪೂರ್ತಿ ಸುಳ್ಳೇನೂ ಆಗಲ್ಲ ಅಂತಲೂ ಸೇರಿಸಿದೆ. ಅವಳು ನನ್ನನ್ನು ನೋಡಿದಳು. ಬೈಗುಳವೂ ಇರಲಿಲ್ಲ, ಕಣ್ಣೀರೂ ಇರಲಿಲ್ಲ. ಹೊಸದಾಗಿ ಪರಿಚಯ ಆದವರನ್ನು ನೋಡೋ ನೋಟ.

ಕೆಳಗೆ ಮಕ್ಕಳು ಸುತ್ತುವರಿದವು. ಟೀಚರ್ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದರು, ಮರಿಯನ್ನು ಅದರೊಳಗೆ ಇಟ್ಟರು. ಬೊರ್ಯಾನ ಅಂತ ಏಳು ವರ್ಷದ ಹುಡುಗಿ, ಎಲ್ಲರಿಗಿಂತ ಮುಂದೆ ನುಗ್ಗಿ, ಅದಕ್ಕೇನಾಗಿದೆ ಅಂತ ಕೇಳಿದಳು. ನಾನು ಎಣ್ಣೆ ಒರೆಸೋ ನೆವದಲ್ಲಿ ಲಾರಿಯ ಚಕ್ರದ ಹತ್ತಿರ ಬಗ್ಗಿದೆ. ರಾಲಿತ್ಸ ನೆಲದ ಮೇಲೆ ಮಂಡಿಯೂರಿ ಕೂತು ಅಂಗೈ ಬಿಡಿಸಿದಳು. ಅಂಗೈಯಲ್ಲಿ ಆ ದಾರದ ತುಂಡುಗಳಿದ್ದವು.

"ಇದು ಕಾಲಿಗೆ ಸುತ್ತಿಕೊಂಡಿತ್ತು. ಈ ಮರದ್ದು" ಅಂದಳು. ಧ್ವನಿ ಸಣ್ಣಗಿತ್ತು, ಆದರೆ ಇತ್ತು.

"ನನ್ನದಾ?" ಅಂತ ಬೊರ್ಯಾನ ಕೇಳಿದಳು.

"ಯಾರದು ಅಂತ ಗೊತ್ತಾಗಲ್ಲ ಪುಟ್ಟಿ. ಇಲ್ಲಿ ಕಟ್ಟಿ ಅಂತ ಹೇಳಿದ್ದು ನಾನು. ತಪ್ಪು ನನ್ನದು, ನಿಮ್ಮದಲ್ಲ."

ಎರಡು ಮೂರು ಮಕ್ಕಳು ಅಳೋದಕ್ಕೆ ಶುರು ಮಾಡಿದವು. ಟೀಚರ್ ಮರದ ಕಡೆ ಒಮ್ಮೆ ನೋಡಿ, ರಾಲಿತ್ಸಳ ಹೆಗಲ ಮೇಲೆ ಕೈಯಿಟ್ಟರು. ಒಳ್ಳೆಯ ಹೆಂಗಸು, ತಪ್ಪನ್ನು ಹಂಚಿಕೊಳ್ಳೋಣ ಅಂತ ನೋಡಿದರು. ನನಗೂ ಹೊಳೀಲಿಲ್ಲವಲ್ಲ ಮಗಳೇ, ಹೀಗಾಗುತ್ತೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ ಅಂದರು.

ಮಗಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ತಲೆ ಬಗ್ಗಿಸಿಕೊಂಡೇ, "ಹೌದು ಟೀಚರ್, ಯಾರಿಗೂ ಗೊತ್ತಿರ್ಲಿಲ್ಲ" ಅಂದಳು.

ಹೋದ ವರ್ಷ ನಾನು ಅವಳಿಗೆ ಮಾಡಿದ್ದನ್ನು ಅವಳು ಈಗ ನನಗೆ ಮಾಡಿದಳು. ಹದಿನೇಳು ವರ್ಷದ ಹುಡುಗಿ, ಇಡೀ ಊರಿನ ಮುಂದೆ ಎಲ್ಲವನ್ನೂ ತಲೆ ಮೇಲೆ ಹೊತ್ತುಕೊಂಡು ನನ್ನನ್ನು ಬಚ್ಚಿಟ್ಟಳು. ನಾನು ಲಾರಿ ಹತ್ತಿ ಹೋಗಬಹುದಿತ್ತು. ಕರೆಂಟು ಕೊಡಬೇಕಿತ್ತು, ನೈದೆನ್ ಕಾಯುತ್ತಿದ್ದ, ಹೋದರೆ ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ಬಚ್ಚಿಟ್ಟವರಿಗೆ ಹಿತ, ಬಚ್ಚಿಡಿಸಿಕೊಂಡವರಿಗೆ ಎಷ್ಟು ಉಸಿರುಕಟ್ಟುತ್ತೆ ಅಂತ ಆಗ ನನಗೆ ಗೊತ್ತಾಯಿತು.

ಎದ್ದು ನಿಂತೆ. "ನನಗೆ ಗೊತ್ತಿತ್ತು" ಅಂದೆ.

ಕೂಗಿ ಕೂಗಿ ಅಭ್ಯಾಸ ಆಗಿರೋ ಗಂಟಲು, ಅಂಗಡಿಯವರೆಗೂ ಕೇಳಿಸಿತು. ಹೋದ ವರ್ಷ ಇದೇ ಗೂಡಲ್ಲಿ ಒಂದು ಮರಿ ಇದೇ ದಾರದಿಂದ ಸತ್ತಿತ್ತು, ನಾನು ಅದನ್ನು ಮುಚ್ಚಿಟ್ಟು ತಾಯಿ ಎಸೆಯಿತು ಅಂತ ಸುಳ್ಳು ಹೇಳಿದೆ, ಈ ಮರದಲ್ಲಿ ನಾನು ಕಟ್ಟಿದ ದಾರವೂ ಒಂದಿದೆ ಅಂತ ಹೇಳಿದೆ. ಎಲ್ಲ ಹೇಳಿ ಮುಗಿಸಿದಾಗ ಹದಿನಾಲ್ಕು ಮಕ್ಕಳು ನನ್ನನ್ನೇ ನೋಡುತ್ತಿದ್ದವು. ಮತ್ತೆ ಯಾಕೆ ಹೇಳಲಿಲ್ಲ ಮಾಮ ಅಂತ ಬೊರ್ಯಾನ ಕೇಳಿದಳು. ಹೆದರಿದೆ ಅಂದೆ. ದೊಡ್ಡವರೂ ಹೆದರ್ತಾರಾ ಅಂತ ಅವಳು ಟೀಚರ್ ಕಡೆ ತಿರುಗಿದಳು.

ಆ ಮರಿಯನ್ನು ಎಲ್ಲಿ ಹೂತಿರಿ, ನೋಡಬೇಕು ಅಂತ ಮಕ್ಕಳು ಹಟ ಹಿಡಿದವು. ಟ್ರಾನ್ಸ್‌ಫಾರ್ಮರ್ ಹಿಂದಕ್ಕೆ ಕರೆದುಕೊಂಡು ಹೋದೆ. ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಇಲ್ಲಿ ಅಂತ ತೋರಿಸಿದೆ, ಅಲ್ಲ ಅನ್ನಿಸಿ ಪಕ್ಕಕ್ಕೆ ಸರಿದೆ, ಆಮೇಲೆ ಬೇಲಿಯ ಹತ್ತಿರ ಹೋದೆ. ಒಂದು ಗುರುತು ಇಟ್ಟಿರಲಿಲ್ಲ, ಯಾರಿಗೂ ಸಿಗಬಾರದು ಅಂತ ತಾನೇ ಹೂತದ್ದು. ಮಕ್ಕಳು ನನ್ನ ಹಿಂದೆ ಸುಮ್ಮನೆ ನಡೆದವು. ಮೂರು ಸಲ ಸುತ್ತಿದ ಮೇಲೆ, ಗೊತ್ತಾಗ್ತಿಲ್ಲ ಮಕ್ಕಳೇ ಅಂದೆ. ಆಗ ನನಗೆ ಅಳು ಬಂತು.

ರಾಲಿತ್ಸ ಟೀಚರ್ ಕೈಯಿಂದ ಒಂದು ಹಾಳೆ, ಪೆನ್ನು ಇಸಿದುಕೊಂಡು ಬಂದಳು. ಪಟ್ಟಣದ ಪರಿಸರ ಕಚೇರಿಗೆ ಇವತ್ತೇ ವರದಿ ಹೋಗಬೇಕು, ಬೇರೆ ಊರಲ್ಲೂ ಮಕ್ಕಳು ಗೂಡಿನ ಪಕ್ಕ ದಾರ ಕಟ್ಟಿರಬಹುದು ಅಂದಳು. ನನಗೆ ಹೇಳಿದ್ದಲ್ಲ, ಟೀಚರ್‌ಗೆ ಹೇಳಿದ್ದು. ಹಾಳೆಯನ್ನು ಟ್ರಾನ್ಸ್‌ಫಾರ್ಮರ್‌ನ ಕಟ್ಟೆಯ ಮೇಲೆ ಇಟ್ಟು, ನನ್ನ ಕಡೆ ತಿರುಗಿ, ಹೋದ ವರ್ಷ ಯಾವ ದಿನ ಅಂತ ಕೇಳಿದಳು.

"ಜೂನ್ ಹದಿನಾರು" ಅಂದೆ. ಅದನ್ನು ನಾನು ಹೇಗೆ ಮರೀಲಿ?

ಬರೆದುಕೊಂಡಳು. ಎಷ್ಟು ವಾರದ ಮರಿ ಅಂತ ಕೇಳಿದಳು, ಐದು ಅಂದೆ. ಯಾವ ಕಾಲು ಅಂತ ಕೇಳಿದಳು, ಬಲಗಾಲು ಅಂದೆ. ಎಷ್ಟು ಸುತ್ತು ಅಂದಳು, ನಾಲ್ಕು ಅಂದೆ. ಒಂದೊಂದು ಉತ್ತರವನ್ನೂ ನಿಧಾನವಾಗಿ, ಸ್ಪಷ್ಟವಾಗಿ ಬರೆದಳು. ಮಕ್ಕಳು ಅವಳ ಸುತ್ತ ನಿಂತು ಓದುತ್ತಿದ್ದವು. ಕೊನೆಯ ಸಾಲಿಗೆ ಬಂದು ಪೆನ್ನು ಎತ್ತಿದಳು.

"ನೋಡಿದವರ ಹೆಸರು ಬೇಕು" ಅಂದಳು. "ಪೂರ್ತಿ ಹೆಸರು ಹೇಳಿ."

ಹುಟ್ಟಿದಾಗಿನಿಂದ ನನ್ನನ್ನು ನೀನು ಅಂದವಳು. ನಾನು ಹೇಳಿದೆ, ಅವಳು ಬರೆದುಕೊಂಡಳು.